‘ನೋಡೋಣ’ ಅಂದರೆ ಒಪ್ಪಿಗೆ ಅಲ್ಲ

ಓದುಗರ ಪ್ರಶ್ನೆ, ಪ್ರಸೂತಿ ತಜ್ಞೆಯ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಮೂರು ಒಂದೇ ವಿಷಯದ ಸುತ್ತ ಇದ್ದವು. ಮೊದಲನೆಯದಕ್ಕೆ ಉತ್ತರ ಉದ್ದವಾಗಿದೆ. ಉಳಿದವರು ಬೇಜಾರು ಮಾಡಿಕೊಳ್ಳಬೇಡಿ, ನಿಮಗೆ ಬೇಕಾದ ಎಷ್ಟೋ ವಿಷಯ ಅದರಲ್ಲೇ ಬಂದುಬಿಟ್ಟಿದೆ.

ಪ್ರಶ್ನೆ: ಡಾಕ್ಟ್ರೇ, ನನಗೆ 31 ವರ್ಷ. ಎರಡನೇ ಸಲ ಗರ್ಭಿಣಿ, ಈಗ 18 ವಾರ. ನಾಲ್ಕು ವರ್ಷದ ಹಿಂದೆ ಮೊದಲ ಹೆರಿಗೆ. ದಿನ ಮೀರಿತು ಅಂತ ನೋವು ಬರಿಸಿದರು. ಒಂದು ಹಗಲು, ಒಂದು ರಾತ್ರಿ ನೋವು ತಿಂದೆ. ಕೊನೆಗೆ ಮಗುವಿನ ಎದೆಬಡಿತ ಇಳಿಯುತ್ತಿದೆ ಅಂತ ರೂಮಿನ ತುಂಬ ಜನ ನುಗ್ಗಿದರು. ಫೋರ್ಸೆಪ್ಸ್ (ಇಕ್ಕಳದಂಥ ಸಲಕರಣೆ) ಹಾಕಿ ಎಳೆದರು. ಮಲದ್ವಾರದ ತನಕ ಹರಿದಿದೆ ಅಂತ ಓಟಿಗೆ ಕರೆದುಕೊಂಡು ಹೋಗಿ ಹೊಲಿಗೆ ಹಾಕಿದರು, ರಕ್ತ ಕೊಟ್ಟರು. ಮಗು ಎರಡು ದಿನ ಎನ್‌ಐಸಿಯುನಲ್ಲಿ (ಹಸುಗೂಸುಗಳ ತೀವ್ರ ನಿಗಾ ಘಟಕ) ಇತ್ತು. ಈಗ ಮಗ ಚೆನ್ನಾಗಿದ್ದಾನೆ. ನಾನೇ ಚೆನ್ನಾಗಿಲ್ಲ. ಚೆಕಪ್‌ಗೆ ಹೋದಾಗ ಮಗುವಿನ ಎದೆಬಡಿತ ಕೇಳಿಸುತ್ತಾರಲ್ಲ, ಕುದುರೆ ಓಡಿದ ಹಾಗೆ ಬರುವ ಆ ಸದ್ದು, ಎಲ್ಲರೂ ಖುಷಿಪಡುತ್ತಾರೆ, ನನಗೆ ಕೈ ಬೆವರಿ ಎದ್ದು ಓಡಿಹೋಗೋಣ ಅನ್ನಿಸುತ್ತದೆ. ಈ ಸಲ ಮೊದಲೇ ದಿನ ಗೊತ್ತುಮಾಡಿ ಸಿಸೇರಿಯನ್ ಮಾಡಿ ಅಂತ ಡಾಕ್ಟರನ್ನ ಕೇಳಿದೆ. ‘ಎರಡನೇದು ಸುಲಭ ಆಗುತ್ತಮ್ಮ, ನೋಡೋಣ’ ಅಂದರು. ಅತ್ತೆ ‘ನಾವೆಲ್ಲ ಹೆತ್ತಿಲ್ವಾ’ ಅನ್ನುತ್ತಾರೆ. ನಾನಾಗಿ ಸಿಸೇರಿಯನ್ ಕೇಳುವುದು ತಪ್ಪಾ? ಮಗುವಿಗೆ ತೊಂದರೆ ಆಗುತ್ತಾ? (ಹೆಸರು ಬೇಡ)

ಉತ್ತರ: ಕೇಳಬಹುದು. ಕೇಳಲೇಬೇಕು, ಅದೂ ಈಗಲೇ. 36ನೇ ವಾರದ ತನಕ ಕಾಯಬೇಡಿ.

ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತಿದ್ದು ಒಂದು ಪದದ ಮೇಲೆ: ‘ನೋಡೋಣ’. ನಾವು ಡಾಕ್ಟರುಗಳು ಇದನ್ನ ದಿನಕ್ಕೆ ಇಪ್ಪತ್ತು ಸಲ ಹೇಳುತ್ತೇವೆ. ಹೊರಗೆ ಜನ ಕಾಯುತ್ತಿರುತ್ತಾರೆ, ಎದುರಿಗೆ ಕೂತವರ ಪ್ರಶ್ನೆಗೆ ಉತ್ತರ ಉದ್ದ ಇರುತ್ತದೆ, ‘ನೋಡೋಣ’ ಅಂದುಬಿಟ್ಟರೆ ಅವರು ಎದ್ದು ಹೋಗುತ್ತಾರೆ. ನೀವು ಅದನ್ನ ಅರ್ಧ ಒಪ್ಪಿಗೆ ಅಂದುಕೊಳ್ಳುತ್ತೀರಿ, ಡಾಕ್ಟರು ಆ ವಿಷಯ ಮುಗಿಯಿತು ಅಂದುಕೊಳ್ಳುತ್ತಾರೆ, ಫೈಲಿನಲ್ಲಿ ಮಾತ್ರ ಒಂದು ಸಾಲೂ ಬಿದ್ದಿರುವುದಿಲ್ಲ. ದಿನ ತುಂಬಿ ರಾತ್ರಿ ಎರಡು ಗಂಟೆಗೆ ನೋವು ಬಂದು ನೀವು ಹೋದಾಗ ಅಲ್ಲಿರುವ ಡ್ಯೂಟಿ ಡಾಕ್ಟರಿಗೆ ನೀವು ಯಾರೋ, ನಿಮ್ಮ ಕಥೆ ಏನೋ. ಅದಕ್ಕೇ ಹೇಳಿದ್ದು, ಈಗಲೇ ಅಂತ.

‘ಎರಡನೇದು ಸುಲಭ’ ಅನ್ನುವುದು ಸುಳ್ಳೇನಲ್ಲ. ಒಮ್ಮೆ ಕೆಳಗಿನಿಂದ ಹೆತ್ತವರಿಗೆ ಎರಡನೇ ಸಲ ನೋವಿನ ಹೊತ್ತು ಸಾಮಾನ್ಯವಾಗಿ ಕಡಿಮೆ. ಮೊದಲ ಸಲ ಫೋರ್ಸೆಪ್ಸ್ ಅಥವಾ ವ್ಯಾಕ್ಯೂಮ್ ಬೇಕಾದವರಲ್ಲೂ ಬಹಳಷ್ಟು ಜನ ಮುಂದಿನ ಸಲ ಅದಿಲ್ಲದೆ ಹೆರುತ್ತಾರೆ. ಆದರೆ ಇದು ಎಲ್ಲರ ಲೆಕ್ಕ. ನಿಮ್ಮ ಲೆಕ್ಕಕ್ಕೆ ಇನ್ನೆರಡು ವಿಷಯ ಸೇರಿಸಬೇಕು. ಒಂದು ಆ ಹರಿದ ಗಾಯ, ಇನ್ನೊಂದು ಆ ಕೈ ಬೆವರುವುದು.

ಮೊದಲು ಹರಿದ ಗಾಯದ ವಿಷಯ. ಮಲದ್ವಾರವನ್ನು ಬಿಗಿಯಾಗಿ ಹಿಡಿಯುವ ಸ್ನಾಯುವಿನ ತನಕ ಹರಿದರೆ ಮೂರನೇ ಡಿಗ್ರಿ, ಅದನ್ನೂ ದಾಟಿ ಒಳಪದರ ಹರಿದರೆ ನಾಲ್ಕನೇ ಡಿಗ್ರಿ ಅನ್ನುತ್ತೇವೆ. ನಿಮ್ಮದು ಯಾವುದು ಅಂತ ಡಿಸ್ಚಾರ್ಜ್ ಸಮ್ಮರಿಯಲ್ಲಿ ಇರಬೇಕು, ನೋಡಿ. ಬ್ರಿಟನ್ನಿನ ಪ್ರಸೂತಿ ತಜ್ಞರ ರಾಯಲ್ ಕಾಲೇಜು ಕೊಡುವ ಲೆಕ್ಕದ ಪ್ರಕಾರ ಮೊದಲ ಹೆರಿಗೆಯಲ್ಲಿ 100ಕ್ಕೆ ಸುಮಾರು 6 ಜನರಿಗೆ ಹೀಗೆ ಹರಿಯುತ್ತದೆ. ಮೊದಲೇ ಕೆಳಗಿನಿಂದ ಹೆತ್ತವರಲ್ಲಿ 100ಕ್ಕೆ 2ಕ್ಕಿಂತ ಕಡಿಮೆ. ಆದರೆ ಒಮ್ಮೆ ಹೀಗೆ ಹರಿದವರಿಗೆ ಮತ್ತೆ ಹರಿಯುವುದು 100ಕ್ಕೆ 5ರಿಂದ 7. ಈ ಸಂಖ್ಯೆ ಕೇಳಿ ಒಬ್ಬರು ‘ಅಷ್ಟೇನಾ’ ಅಂತ ಉಸಿರು ಬಿಡುತ್ತಾರೆ, ಇನ್ನೊಬ್ಬರು ‘ಏಳಾ!’ ಅಂತ ಅಲ್ಲೇ ನಿರ್ಧಾರ ಮಾಡುತ್ತಾರೆ. ಇಬ್ಬರೂ ಸರಿ.

ನೀವು ಬರೆಯದೇ ಬಿಟ್ಟ ಒಂದು ವಿಷಯ ಕೇಳುತ್ತೇನೆ, ನಾಚಿಕೊಳ್ಳಬೇಡಿ. ಗಾಳಿ ಬಂದರೆ ತಡೆಯಲು ಆಗುತ್ತಾ? ಮಲಕ್ಕೆ ಅವಸರ ಬಂದರೆ ಐದು ನಿಮಿಷ ತಾಳಬಹುದಾ, ಇಲ್ಲ ಓಡಲೇಬೇಕಾ? ಒಳಬಟ್ಟೆಯಲ್ಲಿ ಕಲೆ ಆಗುತ್ತಾ? ಇದನ್ನ ಹೆಂಗಸರು ಗಂಡನಿಗೂ ಹೇಳುವುದಿಲ್ಲ, ಡಾಕ್ಟರಿಗಂತೂ ಹೇಳುವುದೇ ಇಲ್ಲ, ನಾವೂ ಕೇಳುವುದಿಲ್ಲ, ಹೀಗೆ ವರ್ಷಗಟ್ಟಲೆ ನಡೆಯುತ್ತದೆ. ಈ ಮೂರರಲ್ಲಿ ಒಂದಾದರೂ ಇದ್ದರೆ ಮಲದ್ವಾರದ ಸ್ನಾಯು ಕೂಡಿದೆಯೋ ಇಲ್ಲವೋ ಅಂತ ನೋಡುವ ವಿಶೇಷ ಅಲ್ಟ್ರಾಸೌಂಡ್ ಮಾಡಬಹುದು, ಸ್ನಾಯುವಿನ ಬಿಗಿ ಅಳೆಯುವ ಪರೀಕ್ಷೆಯೂ ಇದೆ. ತೊಂದರೆ ಉಳಿದಿರುವವರ ಜೊತೆ, ಅಥವಾ ಪರೀಕ್ಷೆಯಲ್ಲಿ ಸ್ನಾಯು ಸರಿಯಿಲ್ಲ ಅಂತ ಕಂಡವರ ಜೊತೆ ಪ್ಲಾನ್ಡ್ ಸಿಸೇರಿಯನ್ ಬಗ್ಗೆ ಮಾತಾಡಬೇಕು ಅಂತ ಅದೇ ರಾಯಲ್ ಕಾಲೇಜಿನ ಮಾರ್ಗಸೂಚಿ ಹೇಳುತ್ತದೆ. ಅಂದರೆ ನೀವು ಸಿಸೇರಿಯನ್ ಕೇಳಿದರೆ ಅದು ಹಟ ಆಗುವುದಿಲ್ಲ. ಅದಕ್ಕೆ ವೈದ್ಯಕೀಯ ಕಾರಣ ಇರಬಹುದು.

ಇನ್ನು ಕೈ ಬೆವರುವುದು. ಕೆಟ್ಟ ಹೆರಿಗೆ ಮೈಯಲ್ಲಿ ಉಳಿದುಬಿಡುತ್ತದೆ. ಸದ್ದು, ಸ್ಪಿರಿಟ್ ವಾಸನೆ, ಕೈಗವಸು ಎಳೆದುಕೊಳ್ಳುವ ಚಟ್ ಅನ್ನುವ ಶಬ್ದ, ಇಷ್ಟು ಸಾಕು, ಮನಸ್ಸು ಮತ್ತೆ ಅದೇ ಮಂಚದ ಮೇಲೆ ಹೋಗಿ ಮಲಗುತ್ತದೆ. ಯುದ್ಧದಿಂದ ಬಂದ ಸೈನಿಕರಿಗೆ ಆಗುತ್ತದೆ ಅಂತ ಕೇಳಿರುತ್ತೀರಲ್ಲ, ಪಿಟಿಎಸ್‌ಡಿ (ದೊಡ್ಡ ಆಘಾತದ ನಂತರ ಮನಸ್ಸಿನಲ್ಲಿ ಉಳಿಯುವ ತೊಂದರೆ), ಅದು ಹೆರಿಗೆಯಾದ 100 ಹೆಂಗಸರಲ್ಲಿ ಸುಮಾರು 4 ಜನರಿಗೆ ಬರುತ್ತದೆ. ತುರ್ತು ಆಪರೇಷನ್, ತುಂಬ ರಕ್ತಸ್ರಾವ, ಮಗುವನ್ನ ಎನ್‌ಐಸಿಯುಗೆ ಕಳಿಸಿದ್ದು, ಇಂಥದ್ದೆಲ್ಲ ಆದವರಲ್ಲಿ ಇನ್ನೂ ಜಾಸ್ತಿ. ಹೆರಿಗೆ ಅಂದರೇ ನಡುಗುವ ಭಯಕ್ಕೆ ಟೋಕೋಫೋಬಿಯಾ ಅಂತ ಹೆಸರು. ಮೊದಲ ಬಸಿರಿಗೂ ಮುಂಚೆಯೇ ಇರುವುದು ಒಂದು ಬಗೆ, ಕೆಟ್ಟ ಹೆರಿಗೆ ಆದಮೇಲೆ ಬರುವುದು ಇನ್ನೊಂದು ಬಗೆ. ನಿಮ್ಮದು ಇವೆರಡರಲ್ಲಿ ಯಾವುದಾದರೂ ಹೌದಾ ಅಂತ ಪತ್ರ ನೋಡಿ ನಾನು ಹೇಳಲಾರೆ. ನಿದ್ದೆಯಲ್ಲಿ ಬೆಚ್ಚಿ ಏಳುತ್ತಿದ್ದರೆ, ಆ ರಾತ್ರಿ ಕಣ್ಣ ಮುಂದೆ ಮತ್ತೆ ಮತ್ತೆ ಬರುತ್ತಿದ್ದರೆ, ಚೆಕಪ್‌ಗೇ ಹೋಗದೆ ತಪ್ಪಿಸಿಕೊಳ್ಳುತ್ತಿದ್ದರೆ ಮನೋವೈದ್ಯರನ್ನೋ ಕೌನ್ಸೆಲರನ್ನೋ ನೋಡಿ. ಇದಕ್ಕೆ ಒಳ್ಳೆ ಚಿಕಿತ್ಸೆ ಇದೆ, ಬಸಿರಿನಲ್ಲೂ ಮಾಡಬಹುದು. ‘ಓಹೋ, ಕೌನ್ಸೆಲಿಂಗಿಗೆ ಕಳಿಸಿ ನನ್ನ ಮನಸ್ಸು ಬದಲಾಯಿಸುವ ಪ್ಲಾನು’ ಅಂತ ಅನುಮಾನ ಬೇಡ. ಚಿಕಿತ್ಸೆ ಚಿಕಿತ್ಸೆಯ ಪಾಡಿಗೆ ನಡೆಯಲಿ, ಸಿಸೇರಿಯನ್ ಮಾತುಕತೆ ಅದರ ಪಾಡಿಗೆ ನಡೆಯಲಿ.

ಈಗ ಕೆಲಸದ ಮಾತು. ಹಳೇ ಆಸ್ಪತ್ರೆಯಿಂದ ನಿಮ್ಮ ಹೆರಿಗೆಯ ಕೇಸ್ ಶೀಟಿನ ನಕಲು ತರಿಸಿ. ಬರೀ ಡಿಸ್ಚಾರ್ಜ್ ಸಮ್ಮರಿ ಸಾಲದು. ನೋವಿನ ಹೊತ್ತಿನಲ್ಲಿ ಬರೆದ ಪುಟಗಳು ಬೇಕು, ಗಂಟೆ ಗಂಟೆಗೆ ಗರ್ಭಕೋಶದ ಬಾಯಿ ಎಷ್ಟು ತೆರೆದಿತ್ತು ಅಂತ ಗುರುತು ಹಾಕಿದ ಗೆರೆಯ ಹಾಳೆ ಇರುತ್ತದೆ, ಅದೂ ಬೇಕು. ನಂತರ ಯಾರಾದರೂ ಡಾಕ್ಟರ ಜೊತೆ ಕೂತು ಸಾಲು ಸಾಲಾಗಿ ಓದಿಸಿಕೊಳ್ಳಿ.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ಕೆಲವು ವರ್ಷದ ಹಿಂದೆ ಒಬ್ಬರು ನನ್ನ ಹತ್ತಿರ ಬಂದಿದ್ದರು, ನಿಮ್ಮ ಹಾಗೇ ಎರಡನೇ ಸಲ ಬಸುರಿ. ಮೊದಲ ಹೆರಿಗೆಯಲ್ಲಿ ಸುತ್ತ ಇದ್ದವರು ‘ಮುಕ್ಕಮ್ಮಾ, ಮುಕ್ಕು, ಸರಿಯಾಗಿ ಮುಕ್ಕು’ ಅಂತ ಬೈದಿದ್ದರಂತೆ. ‘ನಾನು ಸರಿಯಾಗಿ ಮುಕ್ಕಲಿಲ್ಲ ಡಾಕ್ಟ್ರೇ, ಅದಕ್ಕೇ ಹಾಗಾಯ್ತು’ ಅಂತ ಐದು ವರ್ಷದಿಂದ ನಂಬಿಕೊಂಡಿದ್ದರು. ಕೇಸ್ ಶೀಟ್ ತರಿಸಿದೆವು. ಮಾಸಿದ ನಕಲು, ಅಕ್ಷರ ಕೋಳಿಕಾಲು. ಮೂರನೇ ಪುಟದಲ್ಲಿ ಅಂಚಿನ ಹತ್ತಿರ ಒಂದು ಚಿಕ್ಕ ವೃತ್ತ ಬರೆದು ಮಗುವಿನ ತಲೆ ಹೇಗಿದೆ ಅಂತ ಗುರುತು ಹಾಕಿದ್ದರು. ಮಗು ತಾಯಿಯ ಬೆನ್ನಿನ ಕಡೆ ಮುಖ ಮಾಡಿರಬೇಕಾಗಿತ್ತು, ಅದು ಹೊಟ್ಟೆಯ ಕಡೆ ಮುಖ ಮಾಡಿತ್ತು. ಹಾಗಿದ್ದಾಗ ತಲೆಯ ದೊಡ್ಡ ಅಳತೆ ದಾರಿಗೆ ಅಡ್ಡ ಬರುತ್ತದೆ, ಹೊತ್ತು ಹಿಡಿಯುತ್ತದೆ, ಬೆನ್ನು ಮುರಿಯುವ ನೋವು ಬರುತ್ತದೆ, ಎಷ್ಟು ಮುಕ್ಕಿದರೂ ಇಳಿಯದೇ ಇರಬಹುದು. ಆ ವೃತ್ತದ ಮೇಲೆ ಅವರು ಬೆರಳಿಟ್ಟು ಸುಮಾರು ಹೊತ್ತು ಸುಮ್ಮನೆ ಕೂತರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ, ‘ಹಾಗಾದ್ರೆ ಅವರು ನನ್ನನ್ನ ಯಾಕೆ ಬೈದರು?’ ನನ್ನ ಹತ್ತಿರ ಉತ್ತರ ಇರಲಿಲ್ಲ.

ಅವರು ಕೊನೆಗೂ ಸಿಸೇರಿಯನ್ನೇ ಮಾಡಿಸಿಕೊಂಡರು. ನಾನೇ ಮಾಡಿದೆ. ಶೀಟ್ ಓದಿಸುವುದು ಮನಸ್ಸು ಬದಲಾಯಿಸುವುದಕ್ಕೆ ಅಂತ ಅಲ್ಲ ಅನ್ನುವುದಕ್ಕೆ ಇದನ್ನ ಹೇಳಿದೆ.

ಕೇಳುವುದು ಹೇಗೆ? ‘ನನಗೆ ಸಿಸೇರಿಯನ್ ಬೇಕು’ ಅಂತ ಮಾತ್ರ ಅಂದರೆ ಡಾಕ್ಟರ ಕಿವಿಗೆ ‘ನೋವು ಬೇಡ’ ಅಂತ ಕೇಳಿಸುತ್ತದೆ. ಅದಕ್ಕೆ ಅವರ ಹತ್ತಿರ ಸಿದ್ಧ ಉತ್ತರ ಇದೆ: ‘ಎಲ್ಲರಿಗೂ ನೋವಿರುತ್ತಮ್ಮ’. ಅದರ ಬದಲು ಹೀಗೆ ಹೇಳಿ ನೋಡಿ: ‘ಹೋದ ಸಲ ಫೋರ್ಸೆಪ್ಸ್ ಹಾಕಿದ್ದರು, ಮಲದ್ವಾರದ ತನಕ ಹರಿದಿತ್ತು, ರಕ್ತ ಕೊಟ್ಟಿದ್ದರು. ಮತ್ತೆ ಹಾಗೇ ಹರಿಯುತ್ತೆ ಅನ್ನೋದೇ ನನ್ನ ದೊಡ್ಡ ಭಯ. ಪ್ಲಾನ್ಡ್ ಸಿಸೇರಿಯನ್ ಬಗ್ಗೆ ನಿಮ್ಮ ಅಭಿಪ್ರಾಯ ಫೈಲಿನಲ್ಲಿ ಬರೆಯಿರಿ. ಒಪ್ಪೋದಾದರೂ ಬರೆಯಿರಿ, ಒಪ್ಪದಿದ್ದರೆ ಕಾರಣ ಬರೆಯಿರಿ.’ ಮಾತು ನೆನಪಾಗದಿದ್ದರೆ ಚೀಟಿಯಲ್ಲಿ ಬರೆದುಕೊಂಡು ಹೋಗಿ ಓದಿ, ಯಾರೂ ನಗುವುದಿಲ್ಲ. ಗಂಡನನ್ನೋ ಅಕ್ಕನನ್ನೋ ಜೊತೆಗೆ ಕರೆದುಕೊಂಡು ಹೋಗಿ. ನೀವು ಅತ್ತುಬಿಟ್ಟರೆ ಮುಂದಿನ ವಾಕ್ಯ ಅವರು ಹೇಳಲಿ.

ಡಾಕ್ಟರು ‘ನಾನು ಮಾಡಲ್ಲ’ ಅಂದರೆ? ಅನ್ನಬಹುದು. ‘ಮಾಡುವವರ ಹತ್ತಿರ ಕಳಿಸಿ’ ಅಂತ ನೀವೂ ಅನ್ನಬಹುದು. ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ ಸಂಸ್ಥೆ ‘ನೈಸ್’ 2011ರಲ್ಲೇ ಇದನ್ನ ಬರೆದಿಟ್ಟಿತು. ಕಾರಣ ಕೇಳಿ, ಎರಡೂ ದಾರಿಯ ಲಾಭ ನಷ್ಟ ಹೇಳಿ, ಭಯ ಇದ್ದರೆ ನೆರವು ಕೊಡಿ, ಇಷ್ಟೆಲ್ಲ ಆದಮೇಲೂ ಆಕೆ ಸಿಸೇರಿಯನ್ನೇ ಬೇಕು ಅಂದರೆ ಮಾಡಿ, ನಿಮಗೆ ಇಷ್ಟ ಇಲ್ಲದಿದ್ದರೆ ಮಾಡುವ ಇನ್ನೊಬ್ಬ ಡಾಕ್ಟರ ಹತ್ತಿರ ಕಳಿಸಿ ಅಂತ. 2021ರ ಪರಿಷ್ಕರಣೆಯಲ್ಲೂ ನಿಲುವು ಬದಲಾಗಲಿಲ್ಲ. ಎಲ್ಲ ಕಡೆಯೂ ಇದೇ ನಿಯಮ ಅಂತ ನಾನು ಹೇಳುತ್ತಿಲ್ಲ, ಆದರೆ ನಿಮ್ಮ ಕೋರಿಕೆ ವಿಚಿತ್ರದ್ದೇನಲ್ಲ ಅಂತ ಗೊತ್ತಿರಲಿ.

ಯಾರಾದರೂ ‘ಸಿಸೇರಿಯನ್ 10 ಪರ್ಸೆಂಟಿಗಿಂತ ಜಾಸ್ತಿ ಇರಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ’ ಅಂತ ನಿಮಗೆ ಪಾಠ ಮಾಡಲು ಬಂದರೆ, 2015ರ ಆ ಹೇಳಿಕೆಯನ್ನ ಪೂರ್ತಿ ಓದಿ ಅನ್ನಿ. ಒಂದು ಇಡೀ ಜನಸಂಖ್ಯೆಯಲ್ಲಿ ಸಿಸೇರಿಯನ್ ಪ್ರಮಾಣ 10 ದಾಟಿದಮೇಲೆ ತಾಯಿ ಮಗುವಿನ ಸಾವು ಇನ್ನಷ್ಟು ಇಳಿಯುವುದು ಕಾಣುವುದಿಲ್ಲ ಅನ್ನುವುದು ಅದರ ಮಾತು. ಒಂದು ಸಂಖ್ಯೆ ಮುಟ್ಟುವುದಕ್ಕಿಂತ ಅಗತ್ಯ ಇರುವ ಹೆಂಗಸಿಗೆ ಸಿಸೇರಿಯನ್ ಸಿಗುವ ಹಾಗೆ ನೋಡಿಕೊಳ್ಳಿ ಅಂತಲೂ ಅದರಲ್ಲೇ ಇದೆ. ಅದು ಮಂಚದ ಮೇಲೆ ಮಲಗಿದ ಒಬ್ಬಾಕೆಗೆ ಹಾಕಿದ ಕೋಟಾ ಅಲ್ಲ.

ಇಷ್ಟು ಹೊತ್ತು ನಿಮ್ಮ ಪರ ಮಾತಾಡಿದೆ. ಈಗ ಸಿಸೇರಿಯನ್ನಿನ ಇನ್ನೊಂದು ಮುಖವನ್ನೂ ಹೇಳಬೇಕು, ಇಲ್ಲದಿದ್ದರೆ ನಿಮಗೆ ಮೋಸ ಮಾಡಿದ ಹಾಗೆ.

ಅದು ಹೊಟ್ಟೆಯ ದೊಡ್ಡ ಆಪರೇಷನ್. ಸೋಂಕು, ರಕ್ತಸ್ರಾವ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವುದು, ಅಪರೂಪಕ್ಕೆ ಮೂತ್ರಚೀಲಕ್ಕೆ ಪೆಟ್ಟು, ಇವೆಲ್ಲ ಆಗಬಹುದು. ಮೊದಲೇ ಗೊತ್ತುಮಾಡಿದ ಆಪರೇಷನ್ನಿನಲ್ಲಿ ತುರ್ತು ಆಪರೇಷನ್ನಿಗಿಂತ ಅಪಾಯ ಕಡಿಮೆ, ಆದರೆ ಸೊನ್ನೆ ಅಲ್ಲ. ಸುಮಾರು ಆರು ವಾರ ಹುಟ್ಟಿದ ಮಗುವಿಗಿಂತ ಭಾರದ್ದನ್ನ ಎತ್ತಬೇಡಿ ಅನ್ನುತ್ತೇವೆ. ನಿಮ್ಮ ಮನೆಯಲ್ಲಿ ನಾಲ್ಕು ವರ್ಷದ ಮಗ ಇದ್ದಾನೆ, ತಮ್ಮನೋ ತಂಗಿಯೋ ಬಂದ ದಿನದಿಂದಲೇ ಅವನಿಗೆ ‘ಅಮ್ಮ, ಎತ್ಕೋ’ ಜಾಸ್ತಿ ಆಗುತ್ತದೆ. ಇದನ್ನ ಈಗಲೇ ಯೋಚಿಸಿ.

ದೊಡ್ಡ ಲೆಕ್ಕ ಇರುವುದು ಮುಂದಿನ ಬಸಿರಿನಲ್ಲಿ. ಗರ್ಭಕೋಶದ ಹಳೇ ಗಾಯದ ಮೇಲೆ ಮಾಸು (ಪ್ಲಾಸೆಂಟಾ) ಬಂದು ಕೂತು ಆಳಕ್ಕೆ ಬೇರು ಬಿಟ್ಟರೆ ಹೆರಿಗೆಯಲ್ಲಿ ಅದು ಕಳಚುವುದಿಲ್ಲ. ರಕ್ತ ಹರಿಯುತ್ತಲೇ ಇರುತ್ತದೆ, ಎಷ್ಟೋ ಸಲ ಗರ್ಭಕೋಶವನ್ನೇ ತೆಗೆಯಬೇಕಾಗುತ್ತದೆ. 2006ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ ಮಾಸು ಗರ್ಭಕೋಶದ ಬಾಯಿಗೆ ಅಡ್ಡ ಕೂತ ಹೆಂಗಸರನ್ನ ನೋಡಿದರು. ಅಂಥವರಲ್ಲಿ ಮೊದಲ ಸಿಸೇರಿಯನ್ ಆಗುತ್ತಿದ್ದವರಲ್ಲಿ 100ಕ್ಕೆ 3 ಜನರಿಗೆ ಮಾಸು ಹೀಗೆ ಅಂಟಿಕೊಂಡಿತ್ತು, ಎರಡನೇ ಸಿಸೇರಿಯನ್ನಿನವರಲ್ಲಿ 11, ಮೂರನೆಯದರಲ್ಲಿ 40. ಮಾಸು ಅಡ್ಡ ಕೂರುವುದೇ ಕಡಿಮೆ ಜನರಿಗೆ, ಹಾಗಾಗಿ ಈ ಸಂಖ್ಯೆ ಎಲ್ಲರಿಗೂ ಹೊಂದುವುದಿಲ್ಲ. ಆದರೆ ಏರುವ ವೇಗ ನೋಡಿ. ಅದಕ್ಕೇ ನಾನು ಸಿಸೇರಿಯನ್ ಕೇಳಿ ಬಂದ ಎಲ್ಲರಿಗೂ ‘ಇನ್ನು ಎಷ್ಟು ಮಕ್ಕಳು ಬೇಕು’ ಅಂತ ಕೇಳಿಯೇ ಮುಂದಿನ ಮಾತಿಗೆ ಹೋಗುವುದು. ಇದೇ ಕೊನೆ ಅನ್ನುವವರಿಗೆ ತಕ್ಕಡಿ ಒಂದು ಕಡೆ ವಾಲುತ್ತದೆ, ಇನ್ನೂ ಎರಡು ಬೇಕು ಅನ್ನುವವರಿಗೆ ಇನ್ನೊಂದು ಕಡೆ.

ಮಗುವಿಗೆ ತೊಂದರೆ ಆಗುತ್ತಾ ಅಂದಿರಿ. ನೋವೇ ಬರದೆ ಹೊರಗೆ ಬಂದ ಮಗುವಿನ ಶ್ವಾಸಕೋಶದಲ್ಲಿ ನೀರಿನಂಶ ಸ್ವಲ್ಪ ಉಳಿದು ಒಂದೆರಡು ದಿನ ಏದುಸಿರು ಬರಬಹುದು. ದಿನ ಮುಂಚೆ ಆದಷ್ಟೂ ಇದು ಜಾಸ್ತಿ. ಅದಕ್ಕೇ ಬೇರೆ ಕಾರಣ ಇಲ್ಲದಿದ್ದರೆ 39 ವಾರ ತುಂಬುವ ತನಕ ಕಾಯುತ್ತೇವೆ. ಯಾರದೋ ರಜೆಗೆ, ಯಾರದೋ ಅನುಕೂಲಕ್ಕೆ 37ಕ್ಕೇ ಎಳೆಯಲು ಹೋಗಬೇಡಿ. ಹೋದ ಸಲ ಎನ್‌ಐಸಿಯು ಮುಂದೆ ನಿಂತವರು ನೀವು, ಈ ಒಂದು ವಿಷಯದಲ್ಲಂತೂ ಹಟ ಹಿಡಿಯಿರಿ.

ಆ ದಿನ ಹೇಗಿರುತ್ತದೆ ಅಂತಲೂ ಹೇಳಿಬಿಡುತ್ತೇನೆ, ಯಾಕೆಂದರೆ ಹೋದ ಸಲ ನಿಮಗೆ ಓಟಿ ಅಂದರೆ ಹೊಲಿಗೆ ಹಾಕಿದ ಜಾಗ. ಬಾಗಿಲು ಕಂಡ ಕೂಡಲೇ ಕಾಲು ನಿಲ್ಲಬಹುದು. ಮುಂಚೆಯೇ ಒಮ್ಮೆ ಖಾಲಿ ಓಟಿ ತೋರಿಸಿ ಅಂತ ಕೇಳಿ. ಆ ದಿನ ಬೆನ್ನು ಬಗ್ಗಿಸಿ ಕೂರಿಸಿ, ಇಲ್ಲ ಮಗ್ಗುಲಿಗೆ ಮಲಗಿಸಿ, ಸೊಂಟದ ಹತ್ತಿರ ಇಂಜೆಕ್ಷನ್ ಕೊಡುತ್ತಾರೆ. ಕಾಲು ಬಿಸಿಯಾದ ಹಾಗೆ ಅನ್ನಿಸಿ ನಂತರ ನಿಮ್ಮದೇ ಅಲ್ಲ ಅನ್ನುವ ಹಾಗೆ ಭಾರವಾಗುತ್ತದೆ. ಐಸು ಮುಟ್ಟಿಸಿ ‘ತಣ್ಣಗಿದೆಯಾ’ ಅಂತ ಕೇಳುತ್ತಾರೆ, ‘ಇಲ್ಲ’ ಅಂದಮೇಲೇ ಮುಂದಿನದು. ಮೂತ್ರಕ್ಕೆ ನಳಿಕೆ ಹಾಕುತ್ತಾರೆ. ಕೊಯ್ದ ನೋವು ಗೊತ್ತಾಗಬಾರದು, ಗೊತ್ತಾದರೆ ತಕ್ಷಣ ಹೇಳಿ, ಸಂಕೋಚ ಬೇಡ. ಎಳೆತ, ಒತ್ತಡ ಮಾತ್ರ ಗೊತ್ತಾಗುತ್ತದೆ, ಯಾರೋ ಹೊಟ್ಟೆಯೊಳಗೆ ಗಂಟು ಬಿಚ್ಚಿ ಏನೋ ಹುಡುಕುತ್ತಿರುವ ಹಾಗೆ. ಮಗು ಸಾಮಾನ್ಯವಾಗಿ ಮೊದಲ ಹತ್ತು ನಿಮಿಷದೊಳಗೆ ಬಂದುಬಿಡುತ್ತದೆ, ಉಳಿದ ಹೊತ್ತೆಲ್ಲ ಹೊಲಿಗೆಗೆ. ಮಗುವನ್ನ ಎದೆಯ ಮೇಲೆ ಹಾಕಿ, ಪರದೆ ಸ್ವಲ್ಪ ಇಳಿಸಿ, ಏನು ಮಾಡುತ್ತಿದ್ದೀರಿ ಅಂತ ಹೇಳುತ್ತಾ ಮಾಡಿ, ಇದನ್ನೆಲ್ಲ ಮುಂಚೆಯೇ ಕೇಳಿಕೊಳ್ಳಬಹುದು.

ಇನ್ನೊಂದು ವಿಷಯ ಬಹಳ ಜನ ಮರೆಯುತ್ತಾರೆ. 39ಕ್ಕೆ ದಿನ ಗೊತ್ತುಮಾಡಿದ 10 ಜನರಲ್ಲಿ ಒಬ್ಬರಿಗೆ ಅದಕ್ಕೂ ಮುಂಚೆಯೇ ನೋವು ಬರುತ್ತದೆ. ಆಗ ಏನು ಮಾಡಬೇಕು ಅಂತ ಈಗಲೇ ಫೈಲಿನಲ್ಲಿ ಬರೆಸಿ. ‘ನೋವು ಶುರುವಾಗಿ ಬಂದರೆ ಸಿಸೇರಿಯನ್’ ಅಂತಲೋ, ‘ಬಂದಾಗಲೇ ಹೆರಿಗೆ ಹತ್ತಿರ ಇದ್ದರೆ ಆಕೆಯನ್ನ ಕೇಳಿ ಮುಂದುವರಿಸುವುದು’ ಅಂತಲೋ, ಯಾವುದಾದರೂ ಸರಿ, ಬರವಣಿಗೆಯಲ್ಲಿ ಇರಲಿ. ಎರಡನೇ ಹೆರಿಗೆ ಬೇಗ ಆಗುತ್ತದೆ ಅಂದೆನಲ್ಲ, ಹಾಗಾಗಿ ಮನೆಯಲ್ಲಿ ಕಾಯುತ್ತಾ ಕೂರಬೇಡಿ.

ನಾರ್ಮಲ್, ಸಿಸೇರಿಯನ್ ಇವೆರಡರ ನಡುವೆ ಒಂದು ಮೂರನೇ ದಾರಿಯೂ ಇದೆ, ನಾನು ಅದನ್ನ ಷರತ್ತಿನ ನಾರ್ಮಲ್ ಅನ್ನುತ್ತೇನೆ. ಅದರಲ್ಲಿ ನೀವು ಡಾಕ್ಟರಿಗೆ ಹೇಳುವುದು ಹೀಗೆ: ನೋವು ತಾನಾಗಿ ಬಂದರೆ ಪ್ರಯತ್ನ ಮಾಡುತ್ತೇನೆ, ಬರಿಸುವುದು ಬೇಡ. ಎಪಿಡ್ಯೂರಲ್ (ಬೆನ್ನಿಗೆ ಕೊಡುವ ನೋವು ತಗ್ಗಿಸುವ ಮದ್ದು) ಬೇಗ ಕೊಡಿ. ಕೇಳದೆ ಒಳಗೆ ಪರೀಕ್ಷೆ ಮಾಡಬೇಡಿ. ಮಗು ಇಳಿಯದಿದ್ದರೆ ಕೊನೇ ಗಳಿಗೆಯ ತನಕ ಎಳೆದಾಡದೆ ಬೇಗ ಸಿಸೇರಿಯನ್ನಿಗೆ ಹೋಗಿ. ಹೀಗೆ ಷರತ್ತು ಹಾಕಿಕೊಂಡು, ಅದನ್ನ ಡಾಕ್ಟರು ಒಪ್ಪಿ ಬರೆದಮೇಲೆ ನೆಮ್ಮದಿಯಾಗಿ ಹೆತ್ತವರೂ ಇದ್ದಾರೆ. ತಲೆ ತೀರ ಕೆಳಗೆ ಬಂದಮೇಲೆ ಫೋರ್ಸೆಪ್ಸಿಗಿಂತ ಸಿಸೇರಿಯನ್ನೇ ಅಪಾಯ ಆಗುವ ಹೊತ್ತು ಒಂದಿರುತ್ತದೆ, ಅದನ್ನೂ ಅವರ ಬಾಯಿಂದ ಕೇಳಿಸಿಕೊಳ್ಳಿ. ನೀವು ಇದನ್ನೇ ಆರಿಸಿ ಅಂತ ನಾನು ಹೇಳುತ್ತಿಲ್ಲ.

ಅತ್ತೆಯ ಮಾತಿಗೆ: ಹೌದು, ಅವರೂ ಹೆತ್ತಿದ್ದಾರೆ. ಬಿಡುವಾದಾಗ ಪಕ್ಕದಲ್ಲಿ ಕೂತು ‘ನಿಮಗೆ ಹೇಗಾಯ್ತು, ಹೇಳಿ’ ಅಂತ ಕೇಳಿ. ಅವರನ್ನ ಅದನ್ನ ಯಾರೂ ಇದುವರೆಗೆ ಕೇಳಿರುವುದಿಲ್ಲ.

ಪ್ರಶ್ನೆ: ಮೇಡಂ, ನಾನು ಗಂಡ. ಮೊದಲ ಹೆರಿಗೆಯಲ್ಲಿ ಮಗುವಿನ ತಲೆ ಬಂದು ಭುಜ ಸಿಕ್ಕಿಕೊಂಡಿತ್ತು. ನಾನು ಅಲ್ಲೇ ಇದ್ದೆ. ಈಗ ಹೆಂಡತಿ ಮತ್ತೆ ಗರ್ಭಿಣಿ, ಸಿಸೇರಿಯನ್ನೇ ಬೇಕು ಅನ್ನುತ್ತಿದ್ದಾಳೆ. ಅನಗತ್ಯ ಆಪರೇಷನ್ ಅಂತ ನನಗನ್ನಿಸುತ್ತದೆ. ಅವಳಿಗೆ ಹೇಗೆ ತಿಳಿಸಿ ಹೇಳಲಿ?

ಉತ್ತರ: ತಿಳಿಸಿ ಹೇಳುವುದಕ್ಕೆ ಮುಂಚೆ ನೀವು ತಿಳಿದುಕೊಳ್ಳಿ. ಭುಜ ಸಿಕ್ಕಿಕೊಳ್ಳುವುದು ಸುಮಾರು 150 ಹೆರಿಗೆಗೆ ಒಂದರಲ್ಲಿ ಆಗುತ್ತದೆ. ಒಮ್ಮೆ ಆದವರಲ್ಲಿ ಮತ್ತೆ ಆಗುವುದು ಅದರ ಸುಮಾರು ಹತ್ತು ಪಟ್ಟು ಅಂತ ವರದಿಗಳಿವೆ. ಅಂದರೆ ಆಕೆಯ ಭಯಕ್ಕೆ ಬುಡ ಇದೆ. ಆಕೆಗೆ ಸಕ್ಕರೆ ಕಾಯಿಲೆ ಇದ್ದರೆ, ಮಗು ದಪ್ಪ ಇದ್ದರೆ, ಹೋದ ಸಲ ಮಗುವಿನ ಕೈಗೆ ಪೆಟ್ಟಾಗಿದ್ದರೆ ಸಿಸೇರಿಯನ್ ಕಡೆ ತೂಕ ಇನ್ನೂ ಹೆಚ್ಚುತ್ತದೆ.

2015ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟಿನ ಮುಂದೆ ಇಂಥದ್ದೇ ಒಂದು ಪ್ರಕರಣ ಬಂತು, ಮಾಂಟ್ಗೊಮೆರಿ ಪ್ರಕರಣ ಅಂತಲೇ ಹೆಸರಾಗಿದೆ. ಸಕ್ಕರೆ ಕಾಯಿಲೆ ಇದ್ದ, ಕುಳ್ಳಗಿದ್ದ ತಾಯಿ. ಮಗು ದೊಡ್ಡದಿದೆ ಅಂತ ಆಕೆ ಆತಂಕ ಹೇಳಿಕೊಂಡಿದ್ದರು. ಭುಜ ಸಿಕ್ಕಿಕೊಳ್ಳುವ ಸಂಭವ 100ಕ್ಕೆ 9-10 ಇತ್ತು. ಹೇಳಿದರೆ ಸಿಸೇರಿಯನ್ ಕೇಳುತ್ತಾರೆ ಅಂತ ಡಾಕ್ಟರು ಹೇಳಲಿಲ್ಲ. ಭುಜ ಸಿಕ್ಕಿಕೊಂಡಿತು, ಮಗುವಿಗೆ ಶಾಶ್ವತ ತೊಂದರೆ ಆಯಿತು. ತಾಯಿಗೆ ಮುಖ್ಯ ಅನ್ನಿಸುವ ಅಪಾಯವನ್ನ ಹೇಳಲೇಬೇಕು, ಆಯ್ಕೆ ಆಕೆಯದು ಅಂತ ಕೋರ್ಟು ಹೇಳಿತು. ಡಾಕ್ಟರಿಗೇ ಇಲ್ಲದ ಅಧಿಕಾರ ಗಂಡನಿಗೆ ಎಲ್ಲಿಂದ ಬರಬೇಕು?

ಇನ್ನೊಂದು ಕೇಳಲಾ? ಆ ಹೊತ್ತಿನಲ್ಲಿ ಆಕೆಯ ಮೊಣಕಾಲನ್ನ ಎದೆಯ ತನಕ ಮಡಿಸಿ ಒತ್ತಿ ಹಿಡಿಯುತ್ತಾರೆ, ಎಷ್ಟೋ ಸಲ ಒಂದು ಕಾಲು ಹಿಡಿಯಿರಿ ಅಂತ ಗಂಡನಿಗೇ ಹೇಳುತ್ತಾರೆ. ನೀವು ಹಿಡಿದಿದ್ದಿರಾ? ‘ನಾನು ಅಲ್ಲೇ ಇದ್ದೆ’ ಅಂತ ಮೂರೇ ಪದದಲ್ಲಿ ಮುಗಿಸಿಬಿಟ್ಟಿದ್ದೀರಿ. ನೋಡುತ್ತಾ ನಿಂತವರಿಗೂ ಇದು ಕಾಡುತ್ತದೆ. ಆಕೆಗೆ ಬುದ್ಧಿ ಹೇಳುವ ಬದಲು ಆ ರಾತ್ರಿ ನಿಮಗೇನಾಯ್ತು ಅಂತ ಆಕೆಗೆ ಹೇಳಿ. ನಂತರ ಇಬ್ಬರೂ ಡಾಕ್ಟರ ಹತ್ತಿರ ಹೋಗಿ.

ಪ್ರಶ್ನೆ: ಮೊದಲನೆಯದು 16 ಗಂಟೆ ನೋವು ತಿಂದು ಕೊನೆಗೆ ಎಮರ್ಜೆನ್ಸಿ ಸಿಸೇರಿಯನ್. ಈ ಸಲ ನಾರ್ಮಲ್ ಟ್ರೈ ಮಾಡಿ ಅನ್ನುತ್ತಿದ್ದಾರೆ. ನೇರ ಸಿಸೇರಿಯನ್ ಕೇಳಬಹುದಾ?

ಉತ್ತರ: ಧಾರಾಳವಾಗಿ. 1916ರಲ್ಲಿ ನ್ಯೂಯಾರ್ಕಿನ ಡಾಕ್ಟರ್ ಎಡ್ವಿನ್ ಕ್ರೇಗಿನ್ ಒಮ್ಮೆ ಸಿಸೇರಿಯನ್ ಆದರೆ ಮುಂದೆಯೂ ಸಿಸೇರಿಯನ್ನೇ ಅಂದಿದ್ದರು. ಆಗ ಗರ್ಭಕೋಶವನ್ನ ಉದ್ದಕ್ಕೆ ಕೊಯ್ಯುತ್ತಿದ್ದರು, ಈಗ ಸಾಮಾನ್ಯವಾಗಿ ಕೆಳಗೆ ಅಡ್ಡಕ್ಕೆ ಕೊಯ್ಯುವುದರಿಂದ ಆ ಮಾತು ಹಳತಾಯಿತು. ನಿಮ್ಮ ಹಾಗೆ ಒಂದು ಸಿಸೇರಿಯನ್ ಆದಮೇಲೆ ನಾರ್ಮಲ್ ಪ್ರಯತ್ನ ಮಾಡಿದ 4 ಜನರಲ್ಲಿ ಸುಮಾರು 3 ಜನರಿಗೆ ಆಗುತ್ತದೆ. ಹಳೇ ಗಾಯ ಬಿಟ್ಟುಕೊಳ್ಳುವುದು 200ಕ್ಕೆ ಒಬ್ಬರಿಗೆ. ಇದು ಅಪರೂಪ, ಆದರೆ ಆದಾಗ ಗಂಭೀರ, ಅದಕ್ಕೇ ತಕ್ಷಣ ಆಪರೇಷನ್ ಮಾಡುವ ವ್ಯವಸ್ಥೆ ಇರುವ ಕಡೆಯೇ ಪ್ರಯತ್ನ ಮಾಡಬೇಕು. ಎರಡೂ ಸರಿಯಾದ ದಾರಿಯೇ. ಹೋದ ಸಲ ಗರ್ಭಕೋಶದ ಬಾಯಿ ಪೂರ್ತಿ ತೆರೆದಿತ್ತಾ, ಎಷ್ಟು ಸೆಂಟಿಮೀಟರಿಗೆ ನಿಂತಿತ್ತು, ಗರ್ಭಕೋಶವನ್ನ ಯಾವ ಕಡೆಗೆ ಕೊಯ್ದಿದ್ದರು ಅಂತ ಹಳೇ ಫೈಲಿನಲ್ಲಿ ನೋಡಿಸಿ. ಉದ್ದಕ್ಕೆ ಕೊಯ್ದಿದ್ದರೆ ಪ್ರಯತ್ನದ ಮಾತೇ ಬೇಡ. ಹೊಟ್ಟೆಯ ಮೇಲಿನ ಗುರುತು ಅಡ್ಡಕ್ಕಿದೆ ಅಂತ ಒಳಗಿನದೂ ಅಡ್ಡಕ್ಕೇ ಇರಬೇಕು ಅಂತೇನಿಲ್ಲ, ಅದು ಫೈಲಿನಲ್ಲಿ ಮಾತ್ರ ಗೊತ್ತಾಗುವುದು.